ಕೆಂಪು ಗೆರೆಯ ಗಾಂಧಾರ

ತಂಗಿಯ ಮಗಳಿಗೆ ಒಂಬತ್ತು ವರ್ಷ. ಸಂಗೀತ ಪಾಠ ಶುರುವಾಗಿ ಏಳೆಂಟು ತಿಂಗಳಾಗಿದೆ, ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಬಂದಿದ್ದಾಳೆ. ಮೊನ್ನೆ ಒಂದು ಸಂಜೆ ಅವರ ಮನೆಗೆ ಹೋದಾಗ ಅಭ್ಯಾಸಕ್ಕೆ ಕೂತಿದ್ದಳು. ಚಾಪೆಯ ಮೇಲೆ ಎರಡು ಫೋನು. ಅಮ್ಮನ ಫೋನಿನಲ್ಲಿ ತಂಬೂರಿ ನುಡಿಯುತ್ತಿತ್ತು. ಅಪ್ಪನ ಫೋನು ಅವಳ ದನಿ ಕೇಳಿಸಿಕೊಂಡು, ಸ್ವರ ಎಲ್ಲಿ ನಿಂತಿದೆ ಎಂದು ಗೆರೆ ಎಳೆದು ತೋರಿಸುತ್ತಿತ್ತು. ಸರಿ ಇದ್ದರೆ ಹಸಿರು, ತಪ್ಪಿದರೆ ಕೆಂಪು.

ಮಾಯಾಮಾಳವಗೌಳದ ಆರೋಹಣ. ಷಡ್ಜ ಹಸಿರಾಯಿತು. ಗಾಂಧಾರಕ್ಕೆ ಬಂದು ಉದ್ದಕ್ಕೆ ನಿಂತಳು. ನಿಂತದ್ದು ಎಷ್ಟು ಚೆನ್ನಾಗಿತ್ತೆಂದರೆ, ತಂಬೂರಿ ಎಲ್ಲಿ ಮುಗಿದು ಅವಳ ದನಿ ಎಲ್ಲಿ ಶುರುವಾಯಿತೆಂದು ನನಗೆ ಗೊತ್ತಾಗಲಿಲ್ಲ. ಫೋನಿನ ಗೆರೆ ಮಾತ್ರ ಕೆಂಪಾಯಿತು. ಪಕ್ಕದಲ್ಲಿ ಅಂಕಿ: ಮೈನಸ್ 14.

"ನೋಡಿ ಮಾವ, ಈ ಗ ಒಂದು ಯಾವಾಗ್ಲೂ ಕೆಂಪೇ ಬರುತ್ತೆ," ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ, ಕತ್ತು ಸ್ವಲ್ಪ ಎತ್ತಿ, ದನಿಯನ್ನು ಕೂದಲೆಳೆಯಷ್ಟು ಮೇಲಕ್ಕೆ ತಳ್ಳಿದಳು. ಗೆರೆ ಹಸಿರಾಯಿತು. "ಹಾಂ, ಈಗ ಬಂತು!" ಅವಳ ಮುಖ ಅರಳಿತು. ಆ ಹೊತ್ತಿಗೆ ತಂಬೂರಿಗೂ ಅವಳ ದನಿಗೂ ನಡುವೆ ಒಂದು ಸಣ್ಣ ನಡುಕ ಶುರುವಾಗಿತ್ತು. ಬಾಗಿಲು ಸರಿಯಾಗಿ ಕೂರದೆ ಗಾಳಿಗೆ ಅದುರುತ್ತದಲ್ಲ, ಹಾಗೆ.

ಮೊದಲು ಹಾಡಿದ್ದು ಸರಿಯಿತ್ತು. ತಿದ್ದಿಕೊಂಡದ್ದು ತಪ್ಪು. ಇಷ್ಟು ಸಣ್ಣ ಸಂಗತಿಗೆ ಸಂಪಾದಕೀಯವೇ ಎಂದು ಕೇಳಬಹುದು. ಇಂಥ ತಿದ್ದುಪಡಿ ದಿನಕ್ಕೆ ಅರ್ಧ ಗಂಟೆಯಂತೆ ವರ್ಷಗಟ್ಟಲೆ ನಡೆದರೆ ಕಿವಿಗೆ ಏನಾಗುತ್ತದೆ ಎಂದು ಯೋಚಿಸಿದಾಗ ಸಂಗತಿ ಸಣ್ಣದಾಗಿ ಕಾಣಲಿಲ್ಲ.

ಆ ಹದಿನಾಲ್ಕರ ಲೆಕ್ಕ ಮೊದಲು ನೋಡೋಣ. ನಮ್ಮ ಹಳೆಯ ಶಾಸ್ತ್ರಪುಸ್ತಕಗಳಲ್ಲಿ ಲೆಕ್ಕಕ್ಕೆ ಸಲೀಸಾಗಲೆಂದು ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಇಟ್ಟುಕೊಳ್ಳುವುದುಂಟು. ಮೇಲಿನ ಷಡ್ಜ ಅದರ ಎರಡರಷ್ಟು, 480. ಪಂಚಮ ಒಂದೂವರೆಯಷ್ಟು, 360. ಶುದ್ಧ ಮಧ್ಯಮ ನಾಲ್ಕಕ್ಕೆ ಮೂರರ ಲೆಕ್ಕದಲ್ಲಿ 320. ಅಂತರ ಗಾಂಧಾರ ಐದಕ್ಕೆ ನಾಲ್ಕರ ಲೆಕ್ಕದಲ್ಲಿ 300. ಎಲ್ಲ ಸಣ್ಣ ಸಣ್ಣ ಪೂರ್ಣಸಂಖ್ಯೆಗಳ ಸಂಬಂಧ. ಪಾಶ್ಚಾತ್ಯರು ಜಸ್ಟ್ ಇಂಟೊನೇಶನ್ ಎನ್ನುವುದು ಇದನ್ನೇ. ನಾವು ಸಹಜ ಶ್ರುತಿ ಎಂದುಕೊಳ್ಳಬಹುದು. ಯಾರೋ ಕೂತು ಮಾಡಿದ ನಿಯಮವಲ್ಲ ಇದು. ಮಂದ್ರ ಷಡ್ಜದ ತಂತಿಯನ್ನು, ಅಂದರೆ 120 ಕಂಪನದ ತಂತಿಯನ್ನು, ಮೀಟಿದರೆ ಅದು 120 ಮಾತ್ರ ನುಡಿಯುವುದಿಲ್ಲ. ಒಳಗೊಳಗೇ 240, 360, 480, 600 ಎಂದು ಅದರ ಗುಣಕಗಳೂ ನುಡಿಯುತ್ತವೆ. ಐದನೆಯದಾದ 600 ಏನು? 300ರ ಎರಡರಷ್ಟು. ಯಾರೂ ಮೀಟದ, ಯಾರೂ ಹಾಡದ ಗಾಂಧಾರ ತಂಬೂರಿಯಿಂದ ತಾನಾಗಿ ಹುಟ್ಟುತ್ತದೆ. ಅದಕ್ಕೇ ಹಿರಿಯರು ಸ್ವಯಂಭೂ ಗಾಂಧಾರ ಎನ್ನುವುದು. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲೆಳೆ ಸರಿಯಾದ ಜಾಗಕ್ಕೆ ಬಂದು ಕೂತಾಗ ಆ ಗಾಂಧಾರ ಕೋಣೆಯೆಲ್ಲ ತುಂಬಿಕೊಳ್ಳುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಫೋನು ಕೇಳುತ್ತಿದ್ದ ಗಾಂಧಾರ ಬೇರೆಯದು. ಅದರ ಲೆಕ್ಕದಲ್ಲಿ ಒಂದು ಸ್ಥಾಯಿಯೆಂದರೆ ಹನ್ನೆರಡು ಸರಿಸಮ ಮೆಟ್ಟಿಲು. ಪ್ರತಿ ಮೆಟ್ಟಿಲೂ ಹಿಂದಿನದರ 1.0595ರಷ್ಟು. ಇದು ಈಕ್ವಲ್ ಟೆಂಪರಮೆಂಟ್, ಸಮಪಾಲಿನ ಶ್ರುತಿ. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 19ನೇ ಶತಮಾನದ ಕೊನೆಯಲ್ಲಿ ಅಳತೆಗೆ ಅನುಕೂಲವಾಗಲೆಂದು ಒಂದೊಂದು ಮೆಟ್ಟಿಲನ್ನೂ 100 ಸೆಂಟ್ ಮಾಡಿ, ಸ್ಥಾಯಿಗೆ 1200 ಸೆಂಟ್ ಎಂದ. ಸಮಪಾಲಿನ ಗಾಂಧಾರ ಷಡ್ಜದಿಂದ ನಾಲ್ಕನೇ ಮೆಟ್ಟಿಲು, 400 ಸೆಂಟ್. ತಂಬೂರಿಯೊಳಗಿನ ಗಾಂಧಾರ 386. ವ್ಯತ್ಯಾಸ ಹದಿನಾಲ್ಕು. ಹುಡುಗಿ 300ರಲ್ಲಿ ನಿಂತಿದ್ದಳು, ಫೋನು 302.4 ಬೇಕೆಂದಿತು. ಅವಳು ಅಲ್ಲಿಗೆ ಏರಿದಾಗ ಅವಳ ದನಿಯ ಎರಡನೇ ಗುಣಕ 604.8 ಆಯಿತು, ತಂಬೂರಿಯದು 600ರಲ್ಲೇ ಉಳಿಯಿತು. ಎರಡರ ನಡುವೆ ಸೆಕೆಂಡಿಗೆ ಸುಮಾರು ಐದು ಅಲೆ. ನನಗೆ ಕೇಳಿಸಿದ ನಡುಕ ಅದು. ನನ್ನ ಕಿವಿಯ ದೊಡ್ಡಸ್ತಿಕೆ ಏನೂ ಇಲ್ಲ, ಪಾಠ ಮಧ್ಯದಲ್ಲೇ ಬಿಟ್ಟವನು ನಾನು. ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಎಲ್ಲ ಸ್ವರಕ್ಕೂ ವ್ಯತ್ಯಾಸ ಇಷ್ಟೇ ಇರುವುದಿಲ್ಲ. ಪಂಚಮದಲ್ಲಿ ಬರೀ ಎರಡು ಸೆಂಟ್, 360ರ ಬದಲು 359.6. ಮಧ್ಯಮದಲ್ಲೂ ಅಷ್ಟೆ. ಹಾಗಾಗಿಯೇ ಈ ಮೋಸ ಬೇಗ ಬಯಲಾಗುವುದಿಲ್ಲ. ಸ, ಮ, ಪ ಮೂರೂ ಸರಿಯಾಗಿ ಕೂತಿರುವಾಗ ಹಾರ್ಮೋನಿಯಂ ಪೆಟ್ಟಿಗೆಯೂ ಸರಿ, ಫೋನೂ ಸರಿ ಎಂದೇ ಅನ್ನಿಸುತ್ತದೆ. ಏಟು ಬೀಳುವುದು ಗಾಂಧಾರ, ಧೈವತ, ನಿಷಾದಗಳ ಮೇಲೆ. ಚತುಶ್ರುತಿ ಧೈವತ ಸಹಜದಲ್ಲಿ 400 ಕಂಪನ, ಸಮಪಾಲಿನಲ್ಲಿ ಸುಮಾರು 403.6. ಸಾಧಾರಣ ಗಾಂಧಾರದಲ್ಲಿ ತಪ್ಪು ಎದುರು ದಿಕ್ಕಿಗೆ ತಿರುಗುತ್ತದೆ: 288 ಇರಬೇಕಾದ್ದು 285.4ಕ್ಕೆ ಇಳಿಯುತ್ತದೆ. ರಾಗಕ್ಕೆ ಮುಖ ಕೊಡುವ ಸ್ವರಗಳೇ ಇವು.

ಹಾಗೆಂದು ಸಮಪಾಲಿನ ಶ್ರುತಿಯನ್ನು ಬೈಯಲು ನಾನು ಕೂತಿಲ್ಲ. ಅದು ಒಂದು ನಿಜವಾದ ತೊಡಕಿಗೆ ಸಿಕ್ಕ ಜಾಣ ಪರಿಹಾರ. ಒಂದು ಷಡ್ಜದಿಂದ ಪಂಚಮಕ್ಕೆ, ಆ ಪಂಚಮವನ್ನೇ ಷಡ್ಜ ಮಾಡಿಕೊಂಡು ಅದರ ಪಂಚಮಕ್ಕೆ, ಹೀಗೆ ಹನ್ನೆರಡು ಸಲ ಏರಿ. ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ತಲುಪಬೇಕು, ಅಂದರೆ ಹೊರಟಲ್ಲಿಂದ 128ರಷ್ಟಕ್ಕೆ. ತಲುಪುವುದು 129.75ರಷ್ಟಕ್ಕೆ. ಮೂರು ಗಾಂಧಾರ ಒಂದರ ಮೇಲೊಂದು ಪೇರಿಸಿದರೆ ತಾರ ಷಡ್ಜ ಸಿಗಬೇಕು. ಎರಡರಷ್ಟಕ್ಕೆ ಮುಟ್ಟದೆ 1.953ರಲ್ಲೇ ನಿಲ್ಲುತ್ತದೆ. ನಿಸರ್ಗದ ಲೆಕ್ಕ ತನ್ನೊಳಗೇ ತಾಳೆಯಾಗುವುದಿಲ್ಲ. ಷಡ್ಜ ಒಂದೇ ಕಡೆ ಕೂತಿದ್ದರೆ ಇದರಿಂದ ಏನೂ ತೊಂದರೆಯಿಲ್ಲ. ಯುರೋಪಿನ ಸಂಗೀತ ಹಾಗೆ ಕೂರುವ ಜಾತಿಯದಲ್ಲ. ಒಂದೇ ಕೃತಿಯಲ್ಲಿ ಷಡ್ಜ ಐದಾರು ಕಡೆ ಓಡಾಡುತ್ತದೆ, ಅದರ ಸೌಂದರ್ಯವೇ ಆ ಓಡಾಟ. ಪಿಯಾನೋದಂಥ ವಾದ್ಯದ ತಂತಿಗಳನ್ನು ನಡುವೆ ತಿರುಪಲಾಗದು. ಒಂದು ಷಡ್ಜಕ್ಕೆ ಸಿಹಿಯಾಗಿ ಕೂರಿಸಿದ ಶ್ರುತಿ ಇನ್ನೊಂದು ಷಡ್ಜಕ್ಕೆ ಕಿರುಚುತ್ತದೆ. ಅಂಥ ಕಿರುಚುವ ಪಂಚಮಕ್ಕೆ ಅವರು ತೋಳ ಎಂದು ಹೆಸರಿಟ್ಟಿದ್ದರು. ಕೊನೆಗೆ ತಪ್ಪನ್ನು ಹನ್ನೆರಡು ಮನೆಗೂ ಸಮನಾಗಿ ಹಂಚಿಬಿಟ್ಟರು. ಯಾರಿಗೂ ಪೂರ್ತಿ ಸುಖವಿಲ್ಲ, ಯಾರಿಗೂ ತಡೆಯಲಾರದ ಕಷ್ಟವೂ ಇಲ್ಲ. ಚೀನಾದ ಮಿಂಗ್ ರಾಜಕುಮಾರ ಝು ಝೈಯು 1584ರಲ್ಲೇ ಈ ಲೆಕ್ಕವನ್ನು ಕರಾರುವಾಕ್ಕಾಗಿ ಮಾಡಿದ್ದ. ಸರಿಸುಮಾರು ಅದೇ ಕಾಲದಲ್ಲಿ ನೆದರ್ಲೆಂಡ್ಸ್ ಕಡೆಯ ಸೈಮನ್ ಸ್ಟೆವಿನ್ ಕೂಡ ಮಾಡಿದ. ಯುರೋಪಿನ ಮನೆಮನೆಯ ಪಿಯಾನೋಗಳಿಗೆ ಅದು ಇಳಿದದ್ದು ಬಹಳ ತಡವಾಗಿ, 19ನೇ ಶತಮಾನದಲ್ಲಿ.

ನಮ್ಮಲ್ಲೂ ಆ ಸಂಗೀತ ಬಲ್ಲವರಿದ್ದರು. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲಿ ಹಣ ಕೊಟ್ಟವರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರೂ ಅವರೇ. ಎರಡೂ ಸಂಗೀತ ಬಲ್ಲವರಿಗೆ ಎರಡೂ ಬೇಕೆನಿಸುತ್ತದೆ. ನನ್ನ ತಕರಾರು ಇಷ್ಟೆ: ಷಡ್ಜ ಅಲುಗಾಡುವವರಿಗೆ ಬೇಕಾದ ರಾಜಿಯನ್ನು, ಕಛೇರಿಯ ಮೂರು ಗಂಟೆಯೂ ಷಡ್ಜ ಅಲುಗಾಡದ ನಾವು ಯಾಕೆ ಮಾಡಿಕೊಳ್ಳಬೇಕು? ಅವರು ಗಾಂಧಾರ ಕೊಟ್ಟು ಬದಲಿಗೆ ಹನ್ನೆರಡು ಮನೆಯಲ್ಲೂ ಓಡಾಡುವ ಸ್ವಾತಂತ್ರ್ಯ ಪಡೆದರು. ನಾವು ಗಾಂಧಾರ ಕೊಟ್ಟು ಏನೂ ಪಡೆಯುತ್ತಿಲ್ಲ. ಪಕ್ಕದ ಮನೆಯವನ ಸಾಲಕ್ಕೆ ನಾವು ಬಡ್ಡಿ ಕಟ್ಟಿದ ಹಾಗೆ.

ಈ ಎಚ್ಚರಿಕೆಯ ಮಾತು ಹಿಂದೆಯೂ ಬಂದಿತ್ತು, ತಪ್ಪು ಮದ್ದಿನ ಜೊತೆಗೆ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ ಪೇಟೆಂಟ್ ಪಡೆದ ಹಾರ್ಮೋನಿಯಂ ನಮ್ಮಲ್ಲಿಗೆ ಬಂದು, ಕಲ್ಕತ್ತೆಯಲ್ಲಿ ಕೈತಿದಿಯ ಪೆಟ್ಟಿಗೆಯಾಗಿ, ಕಂಪನಿ ನಾಟಕದ ರಂಗದ ಮುಂದೆ ಕಾಲುತಿದಿಯ ವಾದ್ಯವಾಗಿ, ಭಜನೆ ಮನೆಯಲ್ಲಿ, ಯಕ್ಷಗಾನದ ಭಾಗವತರ ಪಕ್ಕದಲ್ಲಿ ಶ್ರುತಿಪೆಟ್ಟಿಗೆಯಾಗಿ ಬೇರು ಬಿಟ್ಟಿತು. ವಿರೋಧವೂ ಜೋರಾಗಿಯೇ ಇತ್ತು. ಆಕಾಶವಾಣಿಯ ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ ಅದರ ಮೇಲೆ ಕಟುವಾಗಿ ಬರೆದ. ರವೀಂದ್ರನಾಥ ಠಾಕೂರರಿಗೂ ಅದು ಸೇರುತ್ತಿರಲಿಲ್ಲ. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಬಿತ್ತು. ಅದು ಸ್ವಲ್ಪವಾದರೂ ಸಡಿಲವಾಗಲು 1971 ಬರಬೇಕಾಯಿತು. ಮೂವತ್ತೊಂದು ವರ್ಷ ರೇಡಿಯೋದಲ್ಲಿ ಹಾರ್ಮೋನಿಯಂ ಇಲ್ಲ, ರೇಡಿಯೋದ ಹೊರಗೆ ಹಾರ್ಮೋನಿಯಂ ಬಿಟ್ಟು ಬೇರೆ ಇಲ್ಲ. ನಿಷೇಧದಿಂದ ಆದದ್ದು ಅಷ್ಟೆ.

ಆ ಕಾಲದಲ್ಲೇ ಇನ್ನೊಂದು ದಾರಿ ಹುಡುಕಿದವರಿದ್ದರು. ನಮ್ಮ ಗಡಿಯಾಚೆಯ ಸಾಂಗ್ಲಿಯಲ್ಲಿ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ 1910ರ ಆಸುಪಾಸಿನಲ್ಲಿ 22 ಶ್ರುತಿಗಳನ್ನು ಅಳೆದು ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಅವರಿಗೆ ದನಿ ಕೊಟ್ಟು ನೆರವಾದವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್. ಕುಂದಗೋಳದ ಸವಾಯಿ ಗಂಧರ್ವರ ಗುರು ಅವರು. ಆ ದಾರಿಯಲ್ಲೇ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಬಂದದ್ದು. ಸ್ವರ ಕೂರಿಸುವ ವಿಷಯದಲ್ಲಿ ಕಿರಾಣಾದವರಿಗಿರುವ ಪಟ್ಟು ಎಷ್ಟೆಂದರೆ, ಸಹಜ ಶ್ರುತಿ ಹುಡುಕಿಕೊಂಡು ಹೊರಟ ಅಮೆರಿಕದ ಸಂಯೋಜಕರಾದ ಲಾ ಮಾಂಟ್ ಯಂಗ್ ಮತ್ತು ಟೆರ್ರಿ ರೈಲಿ 1970ರಲ್ಲಿ ಶಿಷ್ಯರಾದದ್ದು ಅದೇ ಘರಾಣೆಯ ಪಂಡಿತ್ ಪ್ರಾಣನಾಥರಿಗೆ. ಪಿಯಾನೋ ನಾಡಿನವರು ತಂಬೂರಿ ಹುಡುಕಿಕೊಂಡು ಬಂದರು. ನಾವು ತಂಬೂರಿ ಪಕ್ಕದಲ್ಲಿಟ್ಟುಕೊಂಡು ಫೋನಿನ ಹಸಿರು ಗೆರೆ ನೋಡುತ್ತಿದ್ದೇವೆ.

ಹಾರ್ಮೋನಿಯಂ ನಮ್ಮ ಕಿವಿ ಕೆಡಿಸಲಿಲ್ಲವೇ, ಆದರೂ ಸಂಗೀತ ಉಳಿಯಿತಲ್ಲ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರ ಕೈಯಲ್ಲಿ ಆ ಪೆಟ್ಟಿಗೆ ಹಾಡಿದ್ದನ್ನು ಕೇಳಿದವರು ಅದನ್ನು ಬೈಯಲಾರರು. ಎಲ್ಲಿ ಒತ್ತಬೇಕು, ಎಲ್ಲಿ ಒತ್ತದೆ ಬಿಡಬೇಕು, ಗಾಯಕ ಗಾಂಧಾರದ ಮೇಲೆ ನಿಂತಾಗ ತಾನು ಹೇಗೆ ಹಿಂದೆ ಸರಿಯಬೇಕು ಎಂಬುದು ಅಂಥವರಿಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾರ್ಮೋನಿಯಂ ಜೊತೆಗೆ ನುಡಿಯುತ್ತಿತ್ತು, ತೀರ್ಪು ಕೊಡುತ್ತಿರಲಿಲ್ಲ. ಹಾಡುವವರು ಅದನ್ನು ಒಪ್ಪಬಹುದಿತ್ತು, ಬಿಡಬಹುದಿತ್ತು. ಪಕ್ಕದಲ್ಲಿ ತಂಬೂರಿ ಇತ್ತು, ಎದುರಿಗೆ ಗುರುವಿನ ಕಿವಿ ಇತ್ತು. ಈಗ ಬಂದಿರುವುದು ನುಡಿಯುವ ವಾದ್ಯವಲ್ಲ, ಅಂಕ ಹಾಕುವ ಮೇಷ್ಟ್ರು. ಅದರ ಕೈಯಲ್ಲಿರುವ ಉತ್ತರಪತ್ರಿಕೆ ಬೇರೆ ಶಾಲೆಯದು.

ಇದರ ಗುರುತು ಈಗಾಗಲೇ ಅಲ್ಲಲ್ಲಿ ಕಾಣುತ್ತಿದೆ. ಒಂದು ಕಂಡದ್ದು ಸ್ಟುಡಿಯೋದಲ್ಲಿ. ಪರಿಚಯದ ಗಾಯಕಿಯೊಬ್ಬರ ದೇವರನಾಮಗಳ ಧ್ವನಿಮುದ್ರಣಕ್ಕೆಂದು ಬೆಂಗಳೂರಿನ ಒಂದು ಸ್ಟುಡಿಯೋಗೆ ಜೊತೆಯಲ್ಲಿ ಹೋಗಿದ್ದೆ. ಹಾಡು ಮುಗಿದ ಮೇಲೆ ಎಂಜಿನಿಯರ್ ಹುಡುಗ ಪರದೆಯ ಮೇಲೆ ಅವರ ದನಿಯನ್ನು ಹರಡಿಟ್ಟ. ಅಡ್ಡಗೆರೆಗಳ ನಡುವೆ ಬಳ್ಳಿಯ ಹಾಗೆ ಓಡಾಡುವ ಒಂದು ಎಳೆ. "ಮೇಡಂ, ಎಲ್ಲಾ ಗ್ರಿಡ್‌ಗೆ ಕೂರಿಸಿಬಿಡ್ತೀನಿ, ಎರಡು ನಿಮಿಷ," ಎಂದ. ಮೌಸು ಎಳೆದ. ಬಳ್ಳಿ ಬೇಲಿಯ ಗೂಟಗಳಿಗೆ ಕಟ್ಟಿದಂತಾಯಿತು. ಗಾಯಕಿ ಮತ್ತೆ ಕೇಳಿಸಿಕೊಂಡು, "ಇದು ನಾನು ಹಾಡಿದ್ದಲ್ಲ," ಎಂದರು. ಹುಡುಗನಿಗೆ ಆಶ್ಚರ್ಯ. ಅವನ ತಪ್ಪೆಂದು ನಾನು ಹೇಳುವುದಿಲ್ಲ, ಅವನು ಕಲಿತದ್ದು ಹಾಗೆ. ಆಟೋಟ್ಯೂನ್ ಬಂದದ್ದು 1997ರಲ್ಲಿ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ನೆಲದಡಿಯ ಎಣ್ಣೆ ಪತ್ತೆಹಚ್ಚಲು ಕಂಪನದ ಅಲೆಗಳ ಲೆಕ್ಕ ಹಾಕುತ್ತಿದ್ದವನು. ತಮಾಷೆಯೆಂದರೆ, ಆ ಸಾಫ್ಟ್‌ವೇರಿನ ಪಟ್ಟಿಯಲ್ಲೇ ಸಹಜ ಶ್ರುತಿಯ ಆಯ್ಕೆಯೂ ಇದೆ, ಭಾರತೀಯ ಎಂಬ ಹೆಸರಿನ ಸ್ವರಶ್ರೇಣಿಯೂ ಇದೆ. ಆ ಪಟ್ಟಿ ಕೆಳಗಿಳಿಸಿ ನೋಡುವವರು ಕಡಿಮೆ. ತೆರೆದಾಗ ಮೊದಲು ಕಾಣುವುದು ಸಮಪಾಲು, ಅಲ್ಲಿಗೇ ಕೆಲಸ ಮುಗಿಯುತ್ತದೆ.

ಇನ್ನೊಂದು ಆನ್‌ಲೈನ್ ಪಾಠ. ಮೈಸೂರಿನ ಗುರುಗಳು, ನ್ಯೂಜೆರ್ಸಿಯ ಮಗು. ದೂರದ ಕನ್ನಡದ ಮನೆಗಳಿಗೆ ಸಂಗೀತ ತಲುಪಿದ್ದೇ ಇದರಿಂದ, ಅದಕ್ಕೆ ಕೈ ಮುಗಿಯಬೇಕು. ಆದರೆ ಈ ವಿಡಿಯೋ ಕರೆಯ ತಂತ್ರಾಂಶಗಳು ಆಫೀಸಿನ ಮೀಟಿಂಗಿಗೆಂದು ಹುಟ್ಟಿದವು. ಫ್ಯಾನಿನ ಗುಂಯ್, ಏಸಿಯ ಸದ್ದು, ಹೀಗೆ ಒಂದೇ ಸಮನೆ ಬರುವ ಯಾವುದನ್ನೂ ಗದ್ದಲವೆಂದು ಒರೆಸಿಹಾಕುವುದು ಅವುಗಳ ಕರ್ತವ್ಯ. ತಂಬೂರಿ ಒಂದೇ ಸಮನೆ ಬರುತ್ತದೆ. ಒರೆಸಿಹಾಕುತ್ತವೆ. ಗುರುಗಳ ಮನೆಯಲ್ಲಿ ತಂಬೂರಿ ನುಡಿಯುತ್ತಲೇ ಇರುತ್ತದೆ, ಮಗುವಿನ ಕಡೆ ತಲುಪುವುದು ಬರೀ ದನಿ, ನೀರಿಲ್ಲದ ಮೀನಿನ ಹಾಗೆ. ಝೂಮ್‌ನಲ್ಲಿ ಸಂಗೀತಗಾರರಿಗೆಂದೇ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಪರಿಸ್ಥಿತಿ ಎಷ್ಟೋ ಸುಧಾರಿಸುತ್ತದೆ. ಮೂರು ವರ್ಷದಿಂದ ಆನ್‌ಲೈನಿನಲ್ಲೇ ಕಲಿಸುತ್ತಿರುವ ಒಬ್ಬ ವಿದುಷಿಗೆ ಇದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಫೋನಿನ ತಂಬೂರಿಯ ಕತೆಯೂ ಇದಕ್ಕೆ ಸೇರಿದ್ದೇ. ಬೆಂಗಳೂರಿನಲ್ಲೇ ಜಿ. ರಾಜ್ ನಾರಾಯಣ್ ಅವರ ರಾಡೆಲ್ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿ ತಂದಾಗ ಅದು ಕಲಾವಿದರ ದೊಡ್ಡ ಕಷ್ಟ ನೀಗಿಸಿತು. ರೈಲಿನಲ್ಲಿ ತಂಬೂರಿ ಹೊತ್ತು ತಿರುಗಿದವರಿಗೆ ಆ ಸುಖ ಗೊತ್ತು. ಆದರೆ ಬಿರಡೆ ತಿರುಗಿಸಿ, ಮಣಿ ಸರಿಸಿ, ಎರಡು ತಂತಿಗಳ ನಡುವಿನ ಅಲೆ ನಿಧಾನವಾಗುತ್ತ ಆಗುತ್ತ ನಿಂತೇ ಹೋಗುವ ಆ ಕ್ಷಣ ಇದೆಯಲ್ಲ, ಅದು ಮಕ್ಕಳ ಕೈಯಿಂದ ಜಾರಿದೆ. ಈಗಿನ ಮಗು ಪಟ್ಟಿಯಲ್ಲಿ ಐದೂವರೆ ಮನೆ ಎಂದು ಒತ್ತುತ್ತದೆ, ಶ್ರುತಿ ಸಿದ್ಧವಾಗಿ ಬರುತ್ತದೆ. ಬಂದದ್ದರ ಮಂದ್ರ ಷಡ್ಜ ಆ ಸಣ್ಣ ಸ್ಪೀಕರಿನಲ್ಲಿ ಹೆಸರಿಗೆ ಮಾತ್ರ ಇರುತ್ತದೆ.

ವೀಣೆಗೂ ಇದು ತಟ್ಟೀತು. ಮೇಣದ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕಿವಿಯಿಂದ ಕೂರಿಸಿ ಮೇಳ ಕಟ್ಟುವವರು ಈಗ ಬೆರಳೆಣಿಕೆಯಷ್ಟು. ಟ್ಯೂನರ್ ಇಟ್ಟುಕೊಂಡು ಕಟ್ಟಿದರೆ ಕೆಲಸ ಬೇಗ ಮುಗಿಯುತ್ತದೆ. ಆ ಟ್ಯೂನರಿಗೆ ಗೊತ್ತಿರುವ ಲೆಕ್ಕ ಒಂದೇ. ಒಂದು ಮಾತು ಒಪ್ಪಿಕೊಳ್ಳಬೇಕು: ವೀಣೆಯಲ್ಲೂ ಸ್ಥಾಯಿಗೆ ಹನ್ನೆರಡೇ ಮೆಟ್ಟಿಲು, ಒಂದೇ ಮೆಟ್ಟಿಲು ನಾಲ್ಕು ತಂತಿಗೂ ದುಡಿಯಬೇಕು. ಹಾಗಾಗಿ ಅಲ್ಲೂ ಒಂದಿಷ್ಟು ರಾಜಿ ಇದ್ದೇ ಇದೆ. ಉಳಿದದ್ದನ್ನು ವೈಣಿಕರು ತಂತಿ ಎಳೆದು ಸರಿಮಾಡುತ್ತಾರೆ. ಎಷ್ಟು ಎಳೆಯಬೇಕೆಂದು ಹೇಳುವುದು ಮತ್ತೆ ಕಿವಿಯೇ.

ಇವೆಲ್ಲದರ ಹಿಂದೆ ಬರುತ್ತಿರುವುದು ಇನ್ನೂ ದೊಡ್ಡದು. ಹಾಡು ಕಟ್ಟುವ, ಹಾಡೂ ಹೇಳುವ ಕೃತಕ ಬುದ್ಧಿಯ ಯಂತ್ರಗಳು ಕಲಿಯುವುದು ಧ್ವನಿಮುದ್ರಣಗಳಿಂದ. ಆ ಧ್ವನಿಮುದ್ರಣಗಳೆಲ್ಲ ಗ್ರಿಡ್ಡಿಗೆ ಕೂರಿಸಿದವಾದರೆ ಅವು ಕಲಿಯುವ ಗಾಂಧಾರ ಯಾವುದು? ಅವು ಹಾಡಿದ್ದನ್ನು ಕೇಳಿ ಬೆಳೆಯುವ ಮಗು ಕಲಿಯುವುದು ಯಾವುದು? ಆ ಮಗು ಮುಂದೆ ಗುರುವಾಗಿ ಕೂತಾಗ ಫೋನು ತಪ್ಪು, ನೀನು ಹಾಡಿದ್ದೇ ಸರಿ ಎಂದು ಹೇಳುವವರು ಯಾರು? ಈಗ ಆ ಮಾತು ಹೇಳಬಲ್ಲವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ನಾನು ಇದನ್ನು ಈಗಲೇ ಬರೆಯುತ್ತಿರುವುದು ಅದಕ್ಕೇ.

ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು. ನಮ್ಮ ಸಂಗೀತದಲ್ಲಿ ಸ್ವರ ನಿಲ್ಲುವುದೇ ಎಲ್ಲಿ? ತೋಡಿಯ ಗಾಂಧಾರವನ್ನು ಯಾವ ಅಂಕಿಯಲ್ಲಿ ಬರೆಯುತ್ತೀರಿ? ಅದು ಒಂದು ಬಿಂದುವಲ್ಲ, ಒಂದು ಓಡಾಟ. 1963ರಲ್ಲಿ ಜೈರಾಜ್‌ಭಾಯ್ ಮತ್ತು ಸ್ಟೋನ್ ಹಿಂದುಸ್ತಾನಿ ಕಲಾವಿದರ ಸ್ವರಗಳನ್ನು ಯಂತ್ರದಿಂದ ಅಳೆದಾಗ, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಕಂಡಿತು, ಒಬ್ಬರದೇ ನುಡಿಸಾಣಿಕೆಯೊಳಗೂ ಕಂಡಿತು. ಇಪ್ಪತ್ತೆರಡು ಶ್ರುತಿಯ ಪಟ್ಟಿಗೆ ಯಾರೂ ಅಂಟಿಕೊಂಡಿರಲಿಲ್ಲ. ಪೂರ್ತಿ ಒಪ್ಪುತ್ತೇನೆ. ಅದಕ್ಕೇ ದೇವಲ್ಲರ ಹಾದಿಯೂ ನನಗೆ ಪೂರ್ತಿ ಸರಿಯೆನಿಸುವುದಿಲ್ಲ. ಹನ್ನೆರಡು ಗೂಟದ ಬೇಲಿ ಕಿತ್ತು ಇಪ್ಪತ್ತೆರಡು ಗೂಟದ ಬೇಲಿ ಹಾಕಿದರೆ ಬಳ್ಳಿಗೆ ಆಗುವ ಲಾಭ ಅಷ್ಟಕ್ಕಷ್ಟೆ. ಮೈನಸ್ 14 ತೋರಿಸುವ ಫೋನಿನ ಬದಲು ಸೊನ್ನೆ ತೋರಿಸುವ ಫೋನು ಬೇಕೆನ್ನುವುದಲ್ಲ ನನ್ನ ಬೇಡಿಕೆ. ಓಡಾಡುವ ಸ್ವರವೂ ತಂಬೂರಿಯ ಎದುರಿಗೇ ಓಡಾಡುತ್ತದೆ. ಎಷ್ಟು ದೂರ ಹೋದೆ, ಎಲ್ಲಿಂದ ಹೋದೆ, ಯಾವಾಗ ಮನೆಗೆ ಬಂದೆ ಎಂಬ ಅರಿವು ಹಾಡುವವರ ಕಿವಿಯಲ್ಲಿರಬೇಕು, ಪರದೆಯ ಮೇಲಲ್ಲ. ಆ ಅರಿವು ಇರುವವರು ಬೇಕೆಂದೇ 14 ಸೆಂಟ್ ಏನು, ನಲವತ್ತು ಸೆಂಟ್ ಆಚೆ ಹೋಗಲಿ. ಗೊತ್ತಿದ್ದು ಹೋಗಲಿ.

ಮಾಡಬೇಕಾದ ಕೆಲಸಕ್ಕೆ ಹೆಚ್ಚು ದುಡ್ಡು ಬೇಡ. ಭಾರತದ ಮಕ್ಕಳಿಗೆಂದು ಶ್ರುತಿ ಆ್ಯಪ್ ಮಾಡುವವರು, ಇವರಲ್ಲಿ ಬೆಂಗಳೂರಿನವರೂ ಇದ್ದಾರೆ, ತೆರೆದ ಕೂಡಲೇ ಸಮಪಾಲನ್ನು ಮುಂದಿಡುವುದನ್ನು ನಿಲ್ಲಿಸಲಿ. ಕೆಂಪು–ಹಸಿರಿನ ಬದಲು, ಹಾಡಿದ ದನಿಯನ್ನೂ ತಂಬೂರಿಯನ್ನೂ ಒಟ್ಟಿಗೆ ಮತ್ತೆ ಕೇಳಿಸುವ ಒಂದು ಗುಂಡಿ ಇಡಲಿ. ತಂತ್ರಜ್ಞಾನಕ್ಕೆ ಅದೇನು ಕಷ್ಟದ ಕೆಲಸವಲ್ಲ. ಇಂಡಿಯನ್ ಮಾದರಿ ಎಂದು ಮಾರುವ ಕೀಬೋರ್ಡ್‌ಗಳಲ್ಲೂ ಒಂದೊಂದು ಸ್ವರವನ್ನು ಏರಿಸಿ ಇಳಿಸುವ ಸ್ಕೇಲ್ ಟ್ಯೂನಿಂಗ್ ಸೌಲಭ್ಯ ಇರುತ್ತದೆ. ಅಂಗಡಿಯವರು ಕೊಳ್ಳುವವರಿಗೆ ಅದನ್ನು ಒಮ್ಮೆ ತೋರಿಸಿಕೊಡಲಿ. ಗುರುಗಳು ಪಾಠದ ಮೊದಲ ಹತ್ತು ನಿಮಿಷ ಫೋನು ಬೋರಲು ಹಾಕಿಸಿ, ಮಕ್ಕಳಿಗೆ ಏನೂ ಹಾಡಿಸದೆ ತಂಬೂರಿ ಮಾತ್ರ ಕೇಳಿಸಲಿ. ಒಳಗಿನ ಗಾಂಧಾರ ಯಾರಿಗೆ ಮೊದಲು ಕೇಳಿಸಿತೆಂದು ಪಂದ್ಯ ಕಟ್ಟಿದರೆ ಮಕ್ಕಳು ಕುಣಿದಾಡುತ್ತಾರೆ, ನಾನು ನೋಡಿದ್ದೇನೆ. ಸಂಗೀತದ ಜೂನಿಯರ್ ಪರೀಕ್ಷೆಗೆ ಬಂದ ಮಗುವಿನ ಕೈಗೆ ಪರೀಕ್ಷಕರು ಶ್ರುತಿ ಇಳಿಸಿಟ್ಟ ತಂಬೂರಿ ಕೊಟ್ಟು ಸೇರಿಸು ಎನ್ನಲಿ, ಅದಕ್ಕೂ ಅಂಕ ಇರಲಿ. ರಿಯಾಲಿಟಿ ಶೋಗಳ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿ ಕೇಳಿಸಿಕೊಳ್ಳುವವರಿಲ್ಲ.

ತಂಗಿಯ ಮನೆಯ ಅಟ್ಟದಲ್ಲಿ ನಮ್ಮ ಅಮ್ಮನ ತಂಬೂರಿ ಇದೆ. ಕುಡಿಕೆ ಗಟ್ಟಿಯಾಗಿದೆ, ಕುದುರೆ ಒಂದು ಕಡೆ ಸವೆದಿದೆ, ನಾಲ್ಕು ತಂತಿಯಲ್ಲಿ ಮೂರಕ್ಕೆ ತುಕ್ಕು. ಆ ಸಂಜೆಯ ಮಾರನೆಯ ದಿನವೇ ಅದನ್ನು ಆಟೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ವಾದ್ಯದ ಅಂಗಡಿಗೆ ಒಯ್ದೆ. ಹುಡುಗಿಯೂ ಜೊತೆಗೆ ಬಂದಿದ್ದಳು. ಅಂಗಡಿಯವನು ಮೇಲಿಂದ ಕೆಳಗೆ ನೋಡಿ, ಧೂಳು ಒರೆಸಿ, ನನ್ನನ್ನು ಕೇಳಿದ:

"ಶೋಕೇಸಿಗಾ ಸಾರ್, ಹಾಡೋದಕ್ಕಾ? ಶೋಕೇಸಿಗಾದ್ರೆ ಈ ಹಳೇ ತಂತಿನೇ ಸಾಕು, ಪಾಲಿಷ್ ಹೊಡೆದು ಕೊಟ್ಬಿಡ್ತೀನಿ."